ಸಖಿ ಕೇಂದ್ರ: ಮಂಗಳೂರು, ಉಡುಪಿಯವರು ತಿಳಿದಿರಬೇಕಾದ್ದು

ಏಟು ತಿಂದ ಹೆಣ್ಣುಮಗಳು ಆಸ್ಪತ್ರೆ, ಠಾಣೆ, ವಕೀಲರು ಅಂತ ಅಲೆಯಬಾರದು, ಎಲ್ಲ ನೆರವೂ ಒಂದೇ ಸೂರಿನಡಿ ಸಿಗಲಿ ಎಂದು 2015ರಲ್ಲಿ ನಿರ್ಭಯಾ ನಿಧಿಯಿಂದ (ಹೆಣ್ಣುಮಕ್ಕಳ ಸುರಕ್ಷತೆಗೆಂದು ಕೇಂದ್ರ ಸರ್ಕಾರ ಇಟ್ಟ ಹಣ) ಶುರುವಾದ ಯೋಜನೆ ಇದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇದರ ನಿಜವಾದ ಬೆಲೆ ಕಾಗದಪತ್ರದಲ್ಲಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಕೇಂದ್ರದಲ್ಲಿ ಘಟನಾ ವರದಿ (ನಡೆದ ಹಿಂಸೆಯ ಅಧಿಕೃತ ದಾಖಲೆ) ಬರೆಸಿ, ಸಹಿಗೆ ಮೊದಲು ಓದಿಸಿಕೊಳ್ಳಿ. ‘ಗಂಡ ಹೆಂಡತಿ ಜಗಳ’ ಅಂತ ಒಂದೇ ಸಾಲು ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ತಾರೀಕು, ಯಾವ ವಸ್ತುವಿನಿಂದ ಹೊಡೆದದ್ದು, ಎಲ್ಲಿ ಬಾವು, ಎಲ್ಲವೂ ಇರಬೇಕು. ತುಳು, ಬ್ಯಾರಿಯಲ್ಲಿ ಹೇಳಿದ್ದು ಕನ್ನಡಕ್ಕೆ ಇಳಿಯುವಾಗ ಸಪ್ಪೆಯಾಗುವುದು ಇಲ್ಲಿಯೇ.

ಲೈಂಗಿಕ ದೌರ್ಜನ್ಯವಾದರೆ ಸ್ನಾನ ಮಾಡದೆ, ಬೇಗ ಕೇಂದ್ರಕ್ಕೋ ಆಸ್ಪತ್ರೆಗೋ ಹೋಗಬೇಕು. ಬಟ್ಟೆಯನ್ನು ಕಾಗದದ ಚೀಲದಲ್ಲಿ ಒಯ್ಯಿರಿ. ನಮ್ಮ ಮಳೆಗಾಲದ ತೇವಕ್ಕೆ ಪ್ಲಾಸ್ಟಿಕ್‌ನೊಳಗೆ ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಮೊದಲ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯೂ ಹಣ ಕೇಳುವಂತಿಲ್ಲ.

ಕೊರತೆ? ಕೇಂದ್ರದಲ್ಲಿ ಉಳಿಯಲು ಸಾಮಾನ್ಯವಾಗಿ ಐದೇ ದಿನ. ಹೊಡೆಯುವವನ ಕುಡಿತಕ್ಕೆ ಇಲ್ಲಿ ಮದ್ದಿಲ್ಲ, ಅದಕ್ಕೆ ಬೇರೆಯೇ ಬಾಗಿಲು ತಟ್ಟಬೇಕು. ದೊಡ್ಡ ಗಂಡುಮಗನಿದ್ದರೆ ಜೊತೆಗೆ ಇರಿಸಿಕೊಳ್ಳುತ್ತಾರೋ ಎಂದು ಫೋನಿನಲ್ಲೇ ಕೇಳಿಬಿಡಿ.