ಲೋ ಕಾರ್ಬ್ ಹಿಟ್ಟು, ಬ್ರೆಡ್, ಬಿಸ್ಕತ್ತು, ಸಿಹಿ: ಪ್ಯಾಕೆಟ್ ಮೇಲಿನ ಮಾತನ್ನು ಎಷ್ಟು ನಂಬಬಹುದು?

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ಗೋಕುಲಂ ಕಡೆಯ ಅಂಗಡಿಗಳಲ್ಲಿ 'ಕೀಟೋ', 'ಲೋ ಕಾರ್ಬ್', 'ಶುಗರ್ ಇರುವವರಿಗೆ' ಎಂದು ಬರೆದ ಪ್ಯಾಕೆಟ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಪಿಷ್ಟ, ಸಕ್ಕರೆ, ನಾರು ಸೇರಿದ ಅಂಶ. ಕೀಟೋ ಅಂದರೆ ಕಾರ್ಬ್ ತೀರಾ ಕಡಿಮೆ ಇರುವ ಊಟ. ಶುಗರ್ ಇರುವವರ ಮನೆಯಲ್ಲಿ ಇವನ್ನು ವರ್ಷಗಟ್ಟಲೆ ಬಳಸಿ, ತೂಗಿ, ರಕ್ತದ ಸಕ್ಕರೆ ನೋಡಿಕೊಂಡು ಬರೆಯುತ್ತಿರುವ ವಿಮರ್ಶೆ ಇದು. ತೀರ್ಪು ಮೊದಲೇ ಹೇಳುತ್ತೇನೆ. ಹಿಟ್ಟನ್ನು ಲೆಕ್ಕ ಹಾಕಿ ಕೊಳ್ಳಬಹುದು. ಬ್ರೆಡ್ಡನ್ನು ಅನುಮಾನ ಇಟ್ಟುಕೊಂಡೇ ಕೊಳ್ಳಬೇಕು. ಬಿಸ್ಕತ್ತು, ಬಾರ್, 'ಶುಗರ್ ಫ್ರೀ' ಸಿಹಿ ಕೊಟ್ಟ ದುಡ್ಡಿಗೆ ತಕ್ಕವಲ್ಲ.

ನಮ್ಮಲ್ಲಿ 'ಲೋ ಕಾರ್ಬ್' ಎಂಬುದಕ್ಕೆ ಕಾನೂನಿನ ಅಳತೆ ಇಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಲ್ಲಿ 'ಶುಗರ್ ಫ್ರೀ' ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು, 'ಲೋ ಶುಗರ್'ಗೆ 5 ಗ್ರಾಂ ಮೀರಬಾರದು, 'ಹೈ ಫೈಬರ್' ಎನ್ನಲು ಕನಿಷ್ಠ 6 ಗ್ರಾಂ ನಾರು ಇರಬೇಕು. ಕಾರ್ಬಿಗೆ ಇಂಥ ಗೆರೆ ಎಳೆದಿಲ್ಲ. ಅಮೆರಿಕದಲ್ಲೂ ಇಲ್ಲ. ಹಾಗಾಗಿ ಮುಂದಿನ ಮುಖದ ದೊಡ್ಡ ಅಕ್ಷರಗಳು ಜಾಹೀರಾತು ಮಾತ್ರ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ತಯಾರಕನಿಗೆ ಪರವಾನಗಿ ಇದೆ ಎಂದು ಹೇಳುತ್ತದೆ, ಒಳಗಿನ ಕಾರ್ಬನ್ನು ಯಾರೋ ಅಳೆದು ಒಪ್ಪಿದ್ದಾರೆ ಎಂದಲ್ಲ.

ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಂನ ಕಾಲಮ್ಮನ್ನೇ ಓದಿ. 'ಒಂದು ಸರ್ವಿಂಗ್' ಎಷ್ಟು ಎಂಬುದನ್ನು ತಯಾರಕರೇ ಗೊತ್ತುಮಾಡುತ್ತಾರೆ, ಒಂದೂವರೆ ಬಿಸ್ಕತ್ತಿನ ಲೆಕ್ಕ ಕೊಟ್ಟರೆ ಎಲ್ಲವೂ ಕಡಿಮೆಯಾಗಿಯೇ ಕಾಣುತ್ತದೆ.

ಎಡವಟ್ಟಾಗುವುದು 'ನೆಟ್ ಕಾರ್ಬ್' ಎಂಬಲ್ಲಿ. ಒಟ್ಟು ಕಾರ್ಬಿನಿಂದ ನಾರು ಕಳೆದರೆ ನೆಟ್ ಕಾರ್ಬ್. ಆದರೆ ಪಟ್ಟಿಯಲ್ಲಿ ಬರೆದ ಕಾರ್ಬಿನೊಳಗೆ ನಾರು ಸೇರಿದೆಯೋ ಇಲ್ಲವೋ ಎಂಬುದು ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಬೇರೆ. ಅಮೆರಿಕದ ಲೇಬಲ್ಲಿನಲ್ಲಿ ನಾರು ಸೇರಿಯೇ ಇರುತ್ತದೆ. ಯುರೋಪಿನ ಲೇಬಲ್ಲಿನಲ್ಲಿ ನಾರನ್ನು ಮೊದಲೇ ಬಿಟ್ಟು ಬರೆದಿರುತ್ತಾರೆ, ಅದರಲ್ಲಿ ಮತ್ತೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ಆಮದು ಪ್ಯಾಕೆಟ್ ಕೊಳ್ಳುವವರು ಇದನ್ನು ಮರೆಯಬಾರದು. ನಮ್ಮ ಪ್ಯಾಕೆಟ್‌ಗಳಲ್ಲಿ ಎರಡೂ ಪದ್ಧತಿ ಕಾಣುತ್ತವೆ.

ಕಂಡುಹಿಡಿಯಲು ಕೂಡುವ ಲೆಕ್ಕ ಸಾಕು. ಒಂದು ಹಿಟ್ಟಿನಲ್ಲಿ ಪ್ರೋಟೀನ್ 32, ಕೊಬ್ಬು 16, ಕಾರ್ಬ್ 38, ನಾರು 24 ಎಂದಿದೆ ಎನ್ನಿ. ಮೊದಲ ಮೂರನ್ನು ಕೂಡಿದರೆ 86. ಉಳಿದ 14 ತೇವ ಮತ್ತು ಖನಿಜಾಂಶಕ್ಕೆ ಸರಿಹೋಗುತ್ತದೆ. ಅದರ ಮೇಲೆ ನಾರನ್ನೂ ಕೂಡಿದರೆ 110 ಆಗುತ್ತದೆ, 100 ಗ್ರಾಂ ಹಿಟ್ಟಿನಲ್ಲಿ 110 ಗ್ರಾಂ ಇರಲು ಸಾಧ್ಯವಿಲ್ಲ. ಅಂದರೆ ನಾರು ಕಾರ್ಬಿನೊಳಗೇ ಇದೆ, 38ರಿಂದ 24 ಕಳೆದು 14 ಎನ್ನುವುದು ನ್ಯಾಯವೇ. ಅದೇ ಪಟ್ಟಿಯಲ್ಲಿ ಕಾರ್ಬ್ 14, ನಾರು 24 ಎಂದಿದ್ದರೆ ನಾಲ್ಕನ್ನೂ ಕೂಡಿ 86 ಬರುತ್ತದೆ, ಕಳೆಯುವುದು ಆಗಲೇ ಆಗಿದೆ ಎಂದರ್ಥ.

ಕ್ಯಾಲರಿಯಲ್ಲೂ ತಾಳೆ ನೋಡಬಹುದು. ಗ್ರಾಂಗೆ ಪ್ರೋಟೀನ್ 4, ಕೊಬ್ಬು 9, ನಾರು ಬಿಟ್ಟ ಕಾರ್ಬ್ 4, ನಾರು 2. ಮೇಲಿನ ಹಿಟ್ಟಿಗೆ 128, 144, 56, 48 ಸೇರಿ 376. ಪಟ್ಟಿಯಲ್ಲಿ 424 ಇದ್ದರೆ ನಾರಿಗೂ 4ರಂತೆ ಹಾಕಿದ್ದಾರೆ, ಅದು ಮೋಸವಲ್ಲ, ಲೆಕ್ಕದ ಪದ್ಧತಿ ಬೇರೆ. ಎರಡಕ್ಕೂ ಹೊಂದದೆ 480, 500 ಎಂದಿದ್ದರೆ ಪಟ್ಟಿಯಲ್ಲಿ ಎಲ್ಲೋ ಒಂದು ಅಂಕಿ ಸುಳ್ಳು. ಅಂಥ ಪ್ಯಾಕೆಟ್ ಅಲ್ಲೇ ಬಿಡಿ.

ಇಷ್ಟು ಸರಿಯಾದ ಮೇಲೆ ಪದಾರ್ಥಗಳ ಪಟ್ಟಿ ಓದಬೇಕು. ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ನಾನು ಮೊದಲು ಹುಡುಕುವುದು ಮಾಲ್ಟೋಡೆಕ್ಸ್ಟ್ರಿನ್, ಪಿಷ್ಟದಿಂದ ಮಾಡುವ ಪುಡಿ. ಅದು 'ಸಕ್ಕರೆ' ಸಾಲಿನಲ್ಲಿ ಬರುವುದಿಲ್ಲ, ಆದರೆ ರಕ್ತದ ಸಕ್ಕರೆಯನ್ನು ಗ್ಲೂಕೋಸ್‌ನಷ್ಟೇ ಬೇಗ ಏರಿಸುತ್ತದೆ. ಮುಂದಿನದು ಐಎಂಒ, ಅಂದರೆ ಐಸೋಮಾಲ್ಟೋ ಒಲಿಗೋಸ್ಯಾಕರೈಡ್. ಬಾರ್‌ಗಳಲ್ಲಿ ಇದನ್ನು ನಾರು ಎಂದು ಕಳೆಯುತ್ತಾರೆ, ಆದರೆ ಅದರಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗುತ್ತದೆ. ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ನಾರೆಂದು ಒಪ್ಪಿಲ್ಲ. ನಾರಿನ ಮೂಲ ಇಸಬ್ಗೋಲ್, ಅಗಸೆ, ಗೋಧಿ ಹೊಟ್ಟು ಆಗಿದ್ದರೆ ಕಳೆಯಿರಿ, ಐಎಂಒ ಆಗಿದ್ದರೆ ಕಳೆಯಬೇಡಿ.

ಸಿಹಿಕಾರಕಗಳ ಐಎನ್‌ಎಸ್ ಸಂಖ್ಯೆ, ಅಂದರೆ ಆಹಾರದ ಸೇರ್ಪಡೆಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ, ನೆನಪಿಟ್ಟರೆ ಸಾಕು. 968 ಎರಿಥ್ರಿಟಾಲ್, ಬಹುಪಾಲು ಮೂತ್ರದಲ್ಲಿ ಹಾಗೇ ಹೊರಗೆ ಹೋಗುತ್ತದೆ, ಒಟ್ಟು ಕಾರ್ಬಿನಿಂದ ಪೂರ್ತಿ ಕಳೆಯಬಹುದು. 965 ಮಾಲ್ಟಿಟಾಲ್, ಸಕ್ಕರೆಯ ಅರ್ಧದಷ್ಟಾದರೂ ಕ್ಯಾಲರಿ ಇದೆ, ರಕ್ತದ ಸಕ್ಕರೆಯನ್ನೂ ಏರಿಸುತ್ತದೆ, ಅರ್ಧ ಮಾತ್ರ ಕಳೆಯಿರಿ. 'ಶುಗರ್ ಫ್ರೀ' ಚಾಕೊಲೇಟ್, ಬರ್ಫಿಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬಿ ಭೇದಿ ಆಗುತ್ತದೆ. ಸಿಹಿ ಅಂಗಡಿಯಲ್ಲಿ ತೂಗಿ ಕೊಡುವ 'ಶುಗರ್ ಫ್ರೀ' ಮೈಸೂರು ಪಾಕಿಗೆ ಸಾಮಾನ್ಯವಾಗಿ ಪಟ್ಟಿಯೇ ಇರುವುದಿಲ್ಲ. ಸಕ್ಕರೆ ಬಿಟ್ಟರೂ ಕಡಲೆ ಹಿಟ್ಟಿನ ಕಾರ್ಬ್ ಅಲ್ಲೇ ಇದೆ. ಮಂಡ್ಯ ಕಡೆ 'ಸಕ್ಕರೆ ಇಲ್ಲ, ಆಲೆಮನೆ ಬೆಲ್ಲ' ಎಂದು ಮಾರುವ ಲಾಡು, ಚಿಕ್ಕಿಯಂತೂ ಈ ಗುಂಪಿಗೆ ಸೇರುವುದೇ ಇಲ್ಲ. ಬೆಲ್ಲದಲ್ಲಿ 100 ಗ್ರಾಂಗೆ ಕಾರ್ಬ್ 85 ಗ್ರಾಂ ಸುಮಾರು.

ಸಿರಿಧಾನ್ಯದ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂಗೆ ಅಕ್ಕಿಯ ಕಾರ್ಬ್ 78, ರಾಗಿ 67, ಸಾಮೆ 65.5, ಗೋಧಿ ಹಿಟ್ಟು 64. ರಾಗಿಯಲ್ಲಿ ನಾರು 11 ಗ್ರಾಂ ಇದೆ, ಅಕ್ಕಿಯಲ್ಲಿ ಮೂರೂ ಇಲ್ಲ, ಆ ದೃಷ್ಟಿಯಿಂದ ಮುದ್ದೆ ಒಳ್ಳೆಯದೇ. ಆದರೆ ಲೋ ಕಾರ್ಬ್ ಅಲ್ಲ. 'ಸಿರಿಧಾನ್ಯ ಇಡ್ಲಿ ಹಿಟ್ಟು, ಕಾರ್ಬ್ ಕೇವಲ 28' ಎಂಬಂಥ ಬರಹಕ್ಕೂ ಮರುಳಾಗಬೇಡಿ. ರುಬ್ಬಿದ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಅಂಕಿ ಇಳಿದಿರುವುದು ಅದರಿಂದ. ಬ್ರೆಡ್ಡಿನಲ್ಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಬ್ರೆಡ್ಡನ್ನು ಬ್ರೆಡ್ಡಿನ ಜೊತೆಗೇ ಹೋಲಿಸಬೇಕು. ಬಣ್ಣ ನೋಡಿ 'ಬ್ರೌನ್' ಎಂದು ನಂಬಬೇಡಿ, ಪಟ್ಟಿಯಲ್ಲಿ 150ಎ ಕಂಡರೆ ಅದು ಕ್ಯಾರಮೆಲ್ ಬಣ್ಣ.

ಇನ್ನು ಹಿಟ್ಟಿನ ಬಳಕೆ. ಸೋಯಾ, ಬಾದಾಮಿ, ಎಳ್ಳು, ಇಸಬ್ಗೋಲ್, ಗೋಧಿ ಗ್ಲೂಟನ್ ಬೆರೆಸಿದ ಹಿಟ್ಟಿಗೆ ನೀರು ಹೆಚ್ಚು ಬೇಕು. ಮಾಮೂಲಿ ಗೋಧಿ ಹಿಟ್ಟು 100 ಗ್ರಾಂಗೆ 60–65 ಮಿಲಿ ಸಾಕಾದರೆ ಇದಕ್ಕೆ 90–100 ಮಿಲಿ ಬೆಚ್ಚಗಿನ ನೀರು. ಕಲಸಿದ ತಕ್ಷಣ ಕಣಕ ಅಂಟಂಟಾಗಿರುತ್ತದೆ, ಆಗ ಒಣಹಿಟ್ಟು ಸುರಿಯಬೇಡಿ. ಮುಚ್ಚಿ 20 ನಿಮಿಷ ಬಿಟ್ಟರೆ ಇಸಬ್ಗೋಲ್ ನೀರು ಹೀರಿಕೊಂಡು ಹದಕ್ಕೆ ಬರುತ್ತದೆ. ಒಣಹಿಟ್ಟು ಹಾಕಿದವರ ಚಪಾತಿಯ ಅಂಚು ಸೀಳುತ್ತದೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ, ಸಾಧಾರಣ ಉರಿಯಲ್ಲಿ ಬೇಯಿಸಿ, ಬಾದಾಮಿ ಇರುವುದರಿಂದ ಬೇಗ ಸೀಯುತ್ತದೆ. ಗ್ಲೂಟನ್ ಇಲ್ಲದ ಬಗೆ ಉಬ್ಬುವುದಿಲ್ಲ. 30 ಗ್ರಾಂ ಹಿಟ್ಟಿನ ಚಪಾತಿಗೆ ಗೋಧಿಯಲ್ಲಿ 19 ಗ್ರಾಂ ಕಾರ್ಬ್, ಮೇಲಿನ ಉದಾಹರಣೆಯ ಹಿಟ್ಟಿನಲ್ಲಿ 4 ಗ್ರಾಂ. ರುಚಿಗೆಂದು ಅರ್ಧ ಗೋಧಿ ಬೆರೆಸಿದರೆ 12 ಗ್ರಾಂ ಸುಮಾರು ಆಗುತ್ತದೆ, ಅದೂ ಕೆಟ್ಟದ್ದೇನಲ್ಲ. ಪ್ಯಾಕೆಟ್ ಒಡೆದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಎಣ್ಣೆ ಅಂಶ ಹೆಚ್ಚಿರುವುದರಿಂದ ಏಪ್ರಿಲ್ ಬಿಸಿಲಿನಲ್ಲಿ ಬೇಗ ಕಮಟು ವಾಸನೆ ಹೊಡೆಯುತ್ತದೆ.

ಕೊನೆಯ ಪರೀಕ್ಷೆ ಗ್ಲೂಕೋಮೀಟರಿನದು. ಹೊಸ ಪದಾರ್ಥವನ್ನು ತೂಗಿ, ಬೇರೇನೂ ಸೇರಿಸದೆ ತಿಂದು, ತಿನ್ನುವ ಮುಂಚೆ, ಒಂದು ಗಂಟೆಗೆ, ಎರಡು ಗಂಟೆಗೆ ನೋಡಿ. ಬೇರೆ ದಿನ ಅಷ್ಟೇ ತೂಕದ ಮಾಮೂಲಿ ಪದಾರ್ಥ ತಿಂದು ಹೋಲಿಸಿ. ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವೇ ರಕ್ತದ ಸಕ್ಕರೆ 100 ಎಂಜಿ/ಡಿಎಲ್‌ಗಿಂತ ಕೆಳಗಿದ್ದರೆ 15 ಅಂಕ, ಮೇಲೆ ಶೇಕಡಾ 15ರಷ್ಟು ಆಚೀಚೆ ಒಪ್ಪುತ್ತದೆ. ಹಾಗಾಗಿ ಹತ್ತು ಅಂಕದ ವ್ಯತ್ಯಾಸ ನೋಡಿ ತೀರ್ಮಾನಿಸಬೇಡಿ, ಎರಡು ಮೂರು ಸಲ ಮಾಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಕಾರ್ಬ್ ಒಮ್ಮೆಲೇ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಿಗೆ ತೀರಾ ಕಡಿಮೆ ಕಾರ್ಬಿನ ಊಟದಿಂದ ಕೀಟೋಆಸಿಡೋಸಿಸ್ (ರಕ್ತದಲ್ಲಿ ಕೀಟೋನ್ ಆಮ್ಲ ಅತಿಯಾಗಿ ಸೇರುವ ಸ್ಥಿತಿ) ಅಪಾಯವಿದೆ, ಅದರಲ್ಲಿ ಮೀಟರಿನ ಅಂಕಿ ಹೆಚ್ಚು ಏರದೆಯೂ ಇರಬಹುದು.

ಲೇಬಲ್ ಸುಳ್ಳೆಂದು ಬಲವಾದ ಅನುಮಾನವಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಆ ಉದ್ದೇಶ ತಿಳಿಸಬೇಕು. ಉಲ್ಲಂಘನೆ ಸಾಬೀತಾದರೆ ಶುಲ್ಕ ವಾಪಸು ಬರುತ್ತದೆ. ಪ್ಯಾಕೆಟ್ ಒಡೆಯದೆ, ಬ್ಯಾಚ್ ನಂಬರು ಮತ್ತು ಬಿಲ್ಲು ಸಮೇತ ಇಟ್ಟುಕೊಂಡಿರಿ.