ಬರ್ಮಿಂಗ್‌ಹ್ಯಾಮ್ ನಾಲೆ ದಂಡೆ: ಹೋಟೆಲ್ ಸಾಲು ದಾಟಿ ಲಾಕ್‌ಗಳವರೆಗೆ ನಡೆಯಿರಿ

ಇಂಗ್ಲೆಂಡಿನಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಮೊದಲು ಲಂಡನ್ ತೋರಿಸುತ್ತಾರೆ. ಅದಾದ ಮೇಲೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಅವರಿಗೂ ತೋಚುವುದಿಲ್ಲ. ಅಂಥವರು ಬರ್ಮಿಂಗ್‌ಹ್ಯಾಮ್ ನಗರದ ನಟ್ಟನಡುವೆ ಇರುವ ನಾಲೆ ದಂಡೆಗೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ ಅಂತ ನಾನು ಒತ್ತಾಯ ಮಾಡಿ ಹೇಳುತ್ತೇನೆ. ನಾನು ಮಂಡ್ಯದ ಕಡೆ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ನಾಲೆ ಅಂದರೆ ಕಣ್ಣು ಮೊದಲು ತೂಬಿನ ಕಡೆಗೇ ಹೋಗುತ್ತದೆ. ಹಾಗಾಗಿ ಈ ಬರಹದಲ್ಲಿ ಊಟ-ತಿಂಡಿಯ ಮಾತು ಕಡಿಮೆ, ನೀರಿನ ಮಾತು ಜಾಸ್ತಿ.

ನ್ಯೂ ಸ್ಟ್ರೀಟ್ ರೈಲು ನಿಲ್ದಾಣದಿಂದ ಗ್ಯಾಸ್ ಸ್ಟ್ರೀಟ್ ಬೇಸಿನ್‌ಗೆ, ಅಂದರೆ ದೋಣಿ ನಿಲ್ಲಲು ನಾಲೆ ಅಗಲವಾಗುವ ಜಾಗಕ್ಕೆ, ನಡೆದರೆ ಕಾಲು ಗಂಟೆ. ಮಂಡಿ ನೋವಿದ್ದವರಿಗೆ ಟ್ರಾಮ್ ಇದೆ, ಬ್ರಿಂಡ್ಲಿಪ್ಲೇಸ್ ಅಂತಲೇ ನಿಲ್ದಾಣವಿದೆ. ಬ್ರಾಡ್ ಸ್ಟ್ರೀಟ್‌ನ ಬಸ್ಸು-ಕಾರಿನ ಗದ್ದಲದಿಂದ ಮೆಟ್ಟಿಲಿಳಿದರೆ ಒಮ್ಮೆಲೇ ಇಟ್ಟಿಗೆ ಹಾಸಿನ ದಾರಿ, ಪಕ್ಕದಲ್ಲೇ ನೀರು, ನೀರಿನಲ್ಲಿ ಸಾಲಾಗಿ ಕಟ್ಟಿದ ಬಣ್ಣದ ದೋಣಿಗಳು. ಇವುಗಳಿಗೆ ನ್ಯಾರೋಬೋಟ್ ಅನ್ನುತ್ತಾರೆ. ಉದ್ದ 70 ಅಡಿ ದಾಟಬಹುದು, ಅಗಲ ಮಾತ್ರ 7 ಅಡಿ. ಕೆಲವದರಲ್ಲಿ ಜನ ಸಂಸಾರ ಹೂಡಿದ್ದಾರೆ. ಮಾಡಿನ ಮೇಲೆ ಸೌದೆ, ಹೂಕುಂಡ, ಸೈಕಲ್ಲು.

ಬೇಸಿನ್ ಮಧ್ಯದಲ್ಲಿ ಒಂದು ಕಿರಿದಾದ ಕಟ್ಟೆ ಇದೆ, ವುಸ್ಟರ್ ಬಾರ್ ಅಂತ. ಹೆಚ್ಚಿನವರು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಅದರ ಕಥೆ ಕೇಳುವುದಿಲ್ಲ. ಇಲ್ಲಿ ಎರಡು ಕಂಪನಿಗಳ ನಾಲೆ ಎದುರುಬದುರಾಗಿ ಬಂದು ನಿಂತವು. ಮೊದಲು ಬಂದ ಬರ್ಮಿಂಗ್‌ಹ್ಯಾಮ್ ನಾಲೆಯವರು, ಹಿಂದಿನಿಂದ ಬಂದ ವುಸ್ಟರ್ ನಾಲೆಗೆ ತಮ್ಮ ನೀರು ಒಂದು ಹನಿಯೂ ಹೋಗಬಾರದು ಅಂತ ನಡುವೆ 7 ಅಡಿ ಅಗಲದ ಈ ಕಟ್ಟೆ ಉಳಿಸಿದರು. ಈಚೆಯ ದೋಣಿಯಿಂದ ಆಚೆಯ ದೋಣಿಗೆ ಕಲ್ಲಿದ್ದಲನ್ನೂ ಮೂಟೆಯನ್ನೂ ಕೂಲಿಯವರು ಕೈಯಲ್ಲೇ ಸಾಗಿಸಬೇಕಾಗಿತ್ತು. ನೇರ ದಾರಿ ಆದದ್ದು 1815ರಲ್ಲಿ. ಮೇಲುನಾಲೆ-ಕೆಳನಾಲೆ ರೈತರ ನೀರಿನ ಜಗಳದಲ್ಲಿ ಪಂಚಾಯಿತಿ ಮಾಡಿದವನಿಗೆ ಈ ಕಟ್ಟೆ ಬಹಳ ಅರ್ಥವಾಗುತ್ತದೆ. ಇದನ್ನು ಒಡೆದು ಹಾಕದೆ ಇದ್ದಲ್ಲೇ ಬಿಟ್ಟಿರುವುದು ಈ ಜಾಗದ ದೊಡ್ಡ ಗುಣ.

ಬ್ರಾಡ್ ಸ್ಟ್ರೀಟ್ ಕೆಳಗಿನ ಸುರಂಗ ದಾಟಿದರೆ ಬ್ರಿಂಡ್ಲಿಪ್ಲೇಸ್. 1769ರಲ್ಲಿ ವೆನ್ಸ್‌ಬರಿ ಕಡೆಯ ಗಣಿಗಳಿಂದ ಈ ಊರಿಗೆ ಕಲ್ಲಿದ್ದಲು ತಂದ ಮೊದಲ ನಾಲೆಯ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ, ಅವನದೇ ಹೆಸರು. ಲಾರಿ ಬಂದು ನಾಲೆ ಸಾಗಣೆ ನಿಂತಮೇಲೆ ಇಲ್ಲಿ ಪಾಳು ಕಾರ್ಖಾನೆಗಳೇ ಉಳಿದಿದ್ದವು. 1991ರಲ್ಲಿ ಸಮ್ಮೇಳನ ಭವನ, ಸಿಂಫನಿ ಹಾಲ್ ಮತ್ತು ಒಳಾಂಗಣ ಕ್ರೀಡಾಂಗಣ ಬಂದವು. ಆಮೇಲೆ ಕಚೇರಿ, ಹೋಟೆಲು, ಚೌಕಗಳು. ಕೆಲಸ ಅಚ್ಚುಕಟ್ಟು, ಕಸವಿಲ್ಲ, ಕೂರಲು ಜಾಗ ಧಾರಾಳ. ಆದರೆ ತಿನ್ನುವ ಜಾಗಗಳಲ್ಲಿ ಹೆಚ್ಚಿನವು ಎಲ್ಲ ಊರಲ್ಲೂ ಸಿಗುವ ಸರಣಿ ಹೋಟೆಲುಗಳೇ. ನೀರಿನ ಪಕ್ಕದ ಮೇಜಿಗೆ ಬೆಲೆಯೂ ಅದಕ್ಕೆ ತಕ್ಕಂತೆ. ಒಂದು ಕಡೆ ಕಾಫಿ ಆರಿಹೋಗಿತ್ತು, ಬದಲಾಯಿಸಿ ಕೊಡಿ ಅಂದರೆ ಬಹಳ ಹೊತ್ತು ಕಾಯಿಸಿದರು. ನನ್ನ ಹೆಂಡತಿ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಊಸಲ್ಸ್ ಚೌಕದಲ್ಲಿ ಚೆರಿ ಮರಗಳ ಕೆಳಗೆ ಕೂತು ತಿಂದೆವು. ಏಪ್ರಿಲ್ ಆದ್ದರಿಂದ ಮರ ತುಂಬ ಹೂವು. ಅಲ್ಲಿ ಯಾರೂ ಏಳಿ ಅನ್ನಲಿಲ್ಲ.

ಅದೇ ಚೌಕದಲ್ಲಿ ಐಕಾನ್ ಗ್ಯಾಲರಿ ಇದೆ. 1877ರ ಕೆಂಪು ಇಟ್ಟಿಗೆಯ ಶಾಲೆ ಕಟ್ಟಡ, 1998ರಿಂದ ಅಲ್ಲಿ ಹೊಸ ಕಾಲದ ಕಲೆ. ಪ್ರವೇಶ ಉಚಿತ. ಒಳಗಿನ ಕೆಲವು ಕೃತಿಗಳು ನನ್ನ ತಲೆಗೆ ಹತ್ತಲಿಲ್ಲ, ಮಗಳಿಗೆ ಹತ್ತಿದವು, ಅವಳು ಮೊಮ್ಮಗನಿಗೆ ವಿವರಿಸಿದಳು. ಅಲ್ಲಿಂದ ಸ್ವಲ್ಪ ದೂರದ ಶೀಪ್‌ಕೋಟ್ ಸ್ಟ್ರೀಟ್‌ನ ರೌಂಡ್‌ಹೌಸ್ ನನಗೆ ಇನ್ನೂ ಹಿಡಿಸಿತು. ಕುದುರೆ ಲಾಳದ ಆಕಾರದ ಕಟ್ಟಡ, 1874ರದು, ನಗರಸಭೆಯ ಕುದುರೆಗಳನ್ನು ಕಟ್ಟುತ್ತಿದ್ದ ಲಾಯ ಮತ್ತು ಉಗ್ರಾಣ. ಈಗ ಅಲ್ಲಿಂದ ನಡಿಗೆಗೂ ಹುಟ್ಟು ಹಾಕುವ ಸಣ್ಣ ದೋಣಿ ಪ್ರವಾಸಕ್ಕೂ ಕರೆದೊಯ್ಯುತ್ತಾರೆ.

ಇಷ್ಟಕ್ಕೇ ಹೆಚ್ಚಿನವರ ಪ್ರವಾಸ ಮುಗಿಯುತ್ತದೆ. ದಯವಿಟ್ಟು ನೀವು ಇಲ್ಲಿಗೇ ನಿಲ್ಲಿಸಬೇಡಿ. ಬ್ರಿಂಡ್ಲಿಪ್ಲೇಸ್ ಕಡೆಯಿಂದ ಬಂದರೆ, ನಾಲೆಗಳು ಕೂಡುವ ವೃತ್ತದ ಬಳಿ ಬಲಕ್ಕೆ ತಿರುಗಿ ಕೇಂಬ್ರಿಯನ್ ವಾರ್ಫ್ ಅನ್ನುವ ದೋಣಿಕಟ್ಟೆ ದಾಟಿ. ಅಲ್ಲಿಂದ ಫಾರ್ಮರ್ಸ್ ಬ್ರಿಜ್ ಲಾಕ್‌ಗಳು ಶುರು. ಒಟ್ಟು 13, ಒಂದರ ಕೆಳಗೆ ಒಂದು, ಸುಮಾರು 80 ಅಡಿ ಇಳಿತ.

ಲಾಕ್ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕು. ನಮ್ಮ ನಾಲೆ ಗದ್ದೆಗೆ ನೀರು ಹರಿಸಲು ಇರುವುದು, ಅದಕ್ಕೆ ಇಳಿಜಾರು ಬೇಕು. ಇವರದು ದೋಣಿ ಹೋಗಲು ಇರುವುದು, ನೀರು ಸಮವಾಗಿ ನಿಲ್ಲಬೇಕು. ನೆಲ ಇಳಿದ ಕಡೆ ನಾಲೆಗೆ ಮೆಟ್ಟಿಲು ಕಟ್ಟಿದ್ದಾರೆ, ಆ ಮೆಟ್ಟಿಲೇ ಲಾಕ್. ಎರಡು ಕಡೆ ಬಾಗಿಲಿರುವ ಉದ್ದನೆಯ ತೊಟ್ಟಿ. ದೋಣಿ ಒಳಗೆ ಬಂದಮೇಲೆ ಮೇಲಿನ ಬಾಗಿಲು ಮುಚ್ಚಿ, ಕೆಳಗಿನ ತೂಬನ್ನು ಎತ್ತುತ್ತಾರೆ. ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ ಇಳಿಯುತ್ತದೆ. ಕೆಳಗಿನ ನಾಲೆಯ ಮಟ್ಟಕ್ಕೆ ಸಮವಾದ ತಕ್ಷಣ ಬಾಗಿಲು ತೆರೆಯುತ್ತದೆ. ಸಮವಾಗುವ ತನಕ ಆನೆ ಬಂದು ತಳ್ಳಿದರೂ ಅಲುಗದು. ಕರೆಂಟ್ ಇಲ್ಲ, ಮೋಟಾರ್ ಇಲ್ಲ.

ನಾವು ನಿಂತಿದ್ದಾಗ ವಯಸ್ಸಾದ ಗಂಡ-ಹೆಂಡತಿ ಒಂದು ಹಸಿರು ದೋಣಿಯಲ್ಲಿ ಬಂದರು. ಆತ ದೋಣಿ ಹಿಡಿದಿದ್ದ, ಆಕೆ ಕಬ್ಬಿಣದ ತಿರುಗುಪಿಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ಹಲ್ಲುಚಕ್ರಕ್ಕೆ ಪಿಡಿ ಹಾಕಿ ಕಟಕಟ ಅಂತ ತಿರುಗಿಸಿ ತೂಬು ಎತ್ತಿದಳು. ಆಮೇಲೆ ಬಾಗಿಲಿನ ಉದ್ದದ ಮರದ ತೊಲೆಗೆ ಬೆನ್ನು ಕೊಟ್ಟು, ನೆಲದಲ್ಲಿ ಉಬ್ಬಿದ ಇಟ್ಟಿಗೆ ಸಾಲಿಗೆ ಕಾಲು ಒತ್ತಿ ತಳ್ಳಿದಳು. ಕಾಲು ಜಾರದಿರಲಿ ಅಂತಲೇ ಆ ಸಾಲು. ನನ್ನ ಮೊಮ್ಮಗನನ್ನೂ ಕರೆದು, "ಬಾ, ನೀನೂ ತಳ್ಳು" ಅಂದಳು. ಅವನು ತಳ್ಳಿದ. ನಾನೂ ತಳ್ಳಿದೆ. ನನ್ನ ಹೆಂಡತಿ ಮಾತ್ರ, "ರೀ, ನಿಮ್ಮ ಬೆನ್ನು!" ಅಂತ ಕೂಗುತ್ತಲೇ ಇದ್ದಳು.

ನಾನು ಲೆಕ್ಕ ಹಾಕಿದೆ. 72 ಅಡಿ ಉದ್ದ, 7 ಅಡಿ ಅಗಲ, ಇಳಿತ ಸರಾಸರಿ 6 ಅಡಿ. ಒಂದು ದೋಣಿ ಇಳಿಯಲು ಸುಮಾರು 3 ಸಾವಿರ ಘನ ಅಡಿ, ಅಂದರೆ 85 ಸಾವಿರ ಲೀಟರ್ ನೀರು ಕೆಳಗೆ ಹೋಯಿತು. ಹಾಗಾದರೆ ಮೇಲೆ ಎಲ್ಲಿಂದಲೋ ನೀರು ಬರುತ್ತಲೇ ಇರಬೇಕಲ್ಲ? ಇದಕ್ಕೆಂದೇ ಥಾಮಸ್ ಟೆಲ್ಫೋರ್ಡ್ 1820ರ ದಶಕದಲ್ಲಿ ಒಂದು ಕೆರೆ ದೊಡ್ಡದು ಮಾಡಿಸಿದ, ಈಗಿನ ಎಡ್ಜ್‌ಬಾಸ್ಟನ್ ಜಲಾಶಯ. ಇಂಥ ವಿವರವನ್ನು ಲಾಕ್ ಪಕ್ಕದಲ್ಲೇ ಒಂದು ದೊಡ್ಡ ಫಲಕದಲ್ಲಿ ಚಿತ್ರ ಸಮೇತ ಬರೆದು ಹಾಕಬೇಕಿತ್ತು. ಹೋಟೆಲ್ ಫಲಕಗಳು ಕಣ್ಣಿಗೆ ರಾಚುವ ಈ ದಂಡೆಯಲ್ಲಿ ನೀರಿನ ಕೆಲಸ ಹೇಳುವ ಫಲಕ ಹುಡುಕಬೇಕು. ಇದು ನನ್ನ ನಿಜವಾದ ದೂರು.

ಲಾಕ್ ದಾರಿಯ ಸೇತುವೆಗಳ ಅಂಚನ್ನು ಕೈಯಿಂದ ಮುಟ್ಟಿ ನೋಡಿ. ಮೂಲೆಗೆ ಹಾಕಿದ ಎರಕದ ಕಬ್ಬಿಣದಲ್ಲಿ ಬೆರಳು ಹಿಡಿಸುವಷ್ಟು ಆಳದ ಕಚ್ಚುಗಳಿವೆ. ಎಂಜಿನ್ ಬರುವ ಮೊದಲು ದಂಡೆಯ ಮೇಲೆ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. ಬಾವಿ ಕಟ್ಟೆಯ ಕಲ್ಲು ಸೇದುವ ಹಗ್ಗಕ್ಕೆ ಸವೆಯುವಂತೆ, ಒದ್ದೆ ಹಗ್ಗ, ಅದಕ್ಕೆ ಅಂಟಿದ ಮರಳು ಸೇರಿ ಕಬ್ಬಿಣವನ್ನೇ ಉಜ್ಜಿ ಹಾಕಿವೆ. ಅದನ್ನು ತುಂಬಿ ಬಣ್ಣ ಬಳಿದು ಹೊಸದು ಮಾಡಿಲ್ಲ, ಹಾಗೇ ಬಿಟ್ಟಿದ್ದಾರೆ. ಬ್ರಿಂಡ್ಲಿಪ್ಲೇಸ್‌ನ ಗಾಜಿನ ಕಟ್ಟಡ ಎಲ್ಲಿ ಬೇಕಾದರೂ ಕಟ್ಟಬಹುದು, ಈ ಕಚ್ಚನ್ನು ಹೊಸದಾಗಿ ಕಟ್ಟಲಾಗದು.

ಎಚ್ಚರಿಕೆಯ ಮಾತೂ ಹೇಳುತ್ತೇನೆ. ದಂಡೆಗೆ ಬಹುತೇಕ ಕಡೆ ಕಂಬಿ ಇಲ್ಲ. ತಡೆಗೋಡೆಯಿಲ್ಲದ ನಾಲೆ ಏರಿಯಲ್ಲಿ ಏನೇನಾಗಿದೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಗುವಿನ ಕೈ ಬಿಡಬೇಡಿ. ಲಾಕ್ ಪಕ್ಕದ ಇಳಿಜಾರು ಕಡಿದು, ಮಳೆ ಬಿದ್ದರೆ ಇಟ್ಟಿಗೆ ಜಾರುತ್ತದೆ. ಗಾಲಿಕುರ್ಚಿಯವರು ಗ್ಯಾಸ್ ಸ್ಟ್ರೀಟ್-ಬ್ರಿಂಡ್ಲಿಪ್ಲೇಸ್ ಕಡೆಗೇ ಉಳಿಯುವುದು ಒಳ್ಳೆಯದು. ಕೆಳಗಿನ ಲಾಕ್‌ಗಳ ಬಳಿ ದಾರಿ ಕಟ್ಟಡಗಳ ಕೆಳಗೆ, ರೈಲು ಕಮಾನಿನ ಕೆಳಗೆ ಹಾದುಹೋಗುತ್ತದೆ. ಹಗಲಲ್ಲೇ ಮಬ್ಬು, ಸಂಜೆ ಮೇಲೆ ಒಬ್ಬರೇ ಹೋಗಬೇಡಿ. ಆ ಕಡೆ ಶೌಚಾಲಯವೂ ಕಾಣಲಿಲ್ಲ. ಮೊದಲೇ ಸೆಂಟಿನರಿ ಚೌಕದ ದೊಡ್ಡ ಗ್ರಂಥಾಲಯಕ್ಕೆ ಹೋಗಿ ಬನ್ನಿ. 2013ರಲ್ಲಿ ತೆರೆದದ್ದು, ಒಳಗೆ ಹೋಗಲು ಕಾಸಿಲ್ಲ, ಮೇಲಿನ ಮಹಡಿಯ ತೋಟದಿಂದ ಊರು ಕಾಣುತ್ತದೆ.

ದೋಣಿ ವಿಹಾರವೂ ಇದೆ, ಕಾಲು ಸೋತವರಿಗೆ ಸರಿ. ಆದರೆ ಹತ್ತುವ ಮೊದಲು ಅದು ಲಾಕ್ ಇಳಿಯುತ್ತದೆಯೇ ಅಂತ ಕೇಳಿಕೊಳ್ಳಿ. ನಾವು ಹೋದದ್ದು ಮೇಲಿನ ಮಟ್ಟದಲ್ಲೇ ಸುತ್ತಿ ವಾಪಸ್ ಬಂತು. ಲಾಕ್ ನೋಡಲು ನಡೆದೇ ಹೋಗಬೇಕು, ಅದೂ ಬಿಸಿಲಿರುವ ಶನಿವಾರವೋ ಭಾನುವಾರವೋ ಬೆಳಗ್ಗೆ. ಆಗ ದೋಣಿಗಳು ಬರುವ ಸಂಭವ ಹೆಚ್ಚು. ಬಂದವರನ್ನು ಮಾತಾಡಿಸಿ, ಬಾಗಿಲು ತಳ್ಳಲು ಅವರಿಗೂ ಒಂದು ಕೈ ಬೇಕಿರುತ್ತದೆ.