ಶಿರಸಿಯ ಸಣ್ಣ ಕೋಣೆಗೆ ಯಾವ ಸ್ಟ್ರೋಬ್ ಲೈಟು?

ಪೋರ್ಟ್ರೇಟ್‌ಗೆ ಸ್ಟ್ರೋಬ್, ಅಂದರೆ ಚಣದಲ್ಲಿ ಮಿಂಚಿ ಆರುವ ಫ್ಲ್ಯಾಶ್ ಲೈಟು ಬೇಕು ಎಂದು ಹೋದರೆ ಅಂಗಡಿಯವನು ಮೊದಲು ಕೇಳುವುದೇ "ಎಷ್ಟು ವ್ಯಾಟಿಂದು ಕೊಡ್ಲಿ?" ಎಂದು. 200, 300, 400, 600 ಅಂತ ಸಾಲಾಗಿ ಹೇಳುತ್ತಾನೆ. ನಾವೂ ಜೇಬು ಮುಟ್ಟಿ ನೋಡಿಕೊಂಡು ಎಟುಕಿದ್ದರಲ್ಲಿ ದೊಡ್ಡದನ್ನೇ ಕಟ್ಟಿಸಿಕೊಂಡು ಬರುತ್ತೇವೆ. ನನ್ನ ತಕರಾರು ಇರುವುದೇ ಇಲ್ಲಿ. ಶಿರಸಿ, ಸಿದ್ದಾಪುರ, ಕುಮಟಾದಂಥ ಊರುಗಳಲ್ಲಿ ನಾವು ಸ್ಟುಡಿಯೋ ಎಂದು ಬೋರ್ಡು ಹಾಕಿಕೊಂಡಿರುವುದು ಹೆಚ್ಚೆಂದರೆ ಹತ್ತಡಿಗೆ ಹದಿನಾಲ್ಕಡಿಯ ಕೋಣೆಗೆ. ಅಂಥ ಕೋಣೆಯಲ್ಲಿ ಲೈಟು ಎಷ್ಟು ಜೋರಾಗಿ ಹೊಡೆಯುತ್ತದೆ ಎಂದು ನೋಡುವ ಮೊದಲು, ಎಷ್ಟು ಮೆತ್ತಗೆ ಹೊಡೆಯಬಲ್ಲದು ಎಂದು ನೋಡಬೇಕು.

ನಾನು ಅಕ್ಕಪಕ್ಕ ಇಟ್ಟು ಕೆಲಸ ಮಾಡಿ ನೋಡಿದ್ದು ನಾಲ್ಕು ಬಗೆಯವನ್ನು. ಕರೆಂಟಿಗೆ ಸಿಕ್ಕಿಸುವ ಸ್ಟುಡಿಯೋ ಹೆಡ್‌ಗಳಲ್ಲಿ ಗೊಡಾಕ್ಸ್ ಎಂಎಸ್300 ಮತ್ತು ಎಸ್‌ಕೆ400ರ ಎರಡನೇ ಆವೃತ್ತಿ, ಬ್ಯಾಟರಿಯದ್ದರಲ್ಲಿ ಎಡಿ200, ಕ್ಯಾಮೆರಾ ತಲೆಯ ಮೇಲೆ ಕೂರುವ ಟಿಟಿ600 ಒಂದು ಜೊತೆ, ಆಮೇಲೆ ಸದಾ ಉರಿಯುವ ಎಲ್‌ಇಡಿ ಎಸ್‌ಎಲ್60. ಎಂಎಸ್ ಮತ್ತು ಟಿಟಿ ನನ್ನವು, ಉಳಿದವು ಕುಮಟಾ ಮತ್ತು ಕಾರವಾರದ ಗೆಳೆಯರಿಂದ ಎರವಲು. ಎಲ್ಲ ಒಂದೇ ಕಂಪನಿಯದ್ದಾಯಿತಲ್ಲ ಅಂದರೆ, ಹೌದು. ಇಲ್ಲಿನ ನಾಲ್ಕೂ ಫ್ಲ್ಯಾಶ್‌ಗಳು ಒಂದೇ ಟ್ರಿಗರ್‌ನಿಂದ (ಕ್ಯಾಮೆರಾ ಮೇಲೆ ಕೂತು ಫ್ಲ್ಯಾಶ್‌ಗೆ ರೇಡಿಯೋ ಸನ್ನೆ ಕೊಡುವ ಡಬ್ಬಿ) ಹೊಡೆಯುತ್ತವೆ, ಹಾಗಾಗಿ ಹೋಲಿಕೆ ಸಲೀಸು. ನಮ್ಮ ಕಡೆ ಬಜೆಟ್ ಲೈಟು ಅಂದರೆ ಹೆಚ್ಚಿನವರ ಕೈಯಲ್ಲಿ ಇರುವುದೂ ಇವೇ.

ಬೆಲೆ ಇವತ್ತಿದ್ದಂತೆ ನಾಳೆ ಇರುವುದಿಲ್ಲ, ಅಂಕಿ ಬರೆದು ಉಪಯೋಗವಿಲ್ಲ. ಅಂದಾಜಿಗೆ ಇಷ್ಟು: ಎರಡು ಟಿಟಿ600ರ ದುಡ್ಡಿಗೆ ಹತ್ತಿರ ಹತ್ತಿರ ಒಂದು ಎಂಎಸ್300 ಬರುತ್ತದೆ. ಒಂದು ಎಡಿ200ರ ದುಡ್ಡಿಗೆ ಎರಡು ಎಂಎಸ್300 ಬಂದು ಚಿಲ್ಲರೆಯೂ ಉಳಿಯುತ್ತದೆ.

ಎಲ್‌ಇಡಿಯದ್ದು ಮೊದಲು ಮುಗಿಸಿಬಿಡೋಣ. ಯೂಟ್ಯೂಬ್ ನೋಡಿ ಬಂದ ಹುಡುಗರೆಲ್ಲ ಇದನ್ನೇ ಕೇಳುತ್ತಾರೆ, ಕಣ್ಣಿಗೆ ಕಂಡಿದ್ದೇ ಫೋಟೊದಲ್ಲಿ ಬರುತ್ತದೆ ಎಂಬ ಧೈರ್ಯ. ಲೆಕ್ಕ ಹಾಕಿ ನೋಡಿ. 60 ವ್ಯಾಟ್ ಲೈಟು ಸೆಕೆಂಡಿಗೆ 60 ಜೂಲ್ ತಿನ್ನುತ್ತದೆ. ಶಟರ್ 1/125 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ಜೂಲೂ ಇಲ್ಲ. ಸ್ಟ್ರೋಬ್‌ನ ವ್ಯಾಟ್-ಸೆಕೆಂಡ್ ಅಂದರೂ ಜೂಲೇ. 300ರ ಹೆಡ್ಡು ಪೂರ್ತಿ ಪವರ್‌ನಲ್ಲಿ 300 ಜೂಲನ್ನೂ ಆ ಒಂದು ಚಣದಲ್ಲೇ ಚೆಲ್ಲುತ್ತದೆ. ಅದೇ ಕರೆಂಟಿಗೆ ಎಲ್‌ಇಡಿ ಹೆಚ್ಚು ಬೆಳಕು ಕೊಡುತ್ತದೆ ಎಂದು ಒಪ್ಪಿಕೊಂಡರೂ ಅಂತರ ನೂರಾರು ಪಟ್ಟು ಉಳಿಯುತ್ತದೆ. ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗಾಗಿಸುವ ಬಟ್ಟೆಯ ಗೂಡು) ಹಾಕಿ ಎಫ್/5.6ರಲ್ಲಿ ತೆಗೆಯಬೇಕೆಂದರೆ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 800, 1600ಕ್ಕೆ ಏರಲೇಬೇಕು (ಎಫ್ ಮುಂದಿನ ಅಂಕಿ ಕಿರಿದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ). ಒಂದೇ ಕಡೆ ಕೂರದ ಕೂಸಿನ ಫೋಟೊಕ್ಕೆ 1/125 ಸಾಲುವುದೂ ಇಲ್ಲ. ಆದರೂ ಎರಡು ಕಡೆ ಎಲ್‌ಇಡಿಯೇ ಮೇಲು. ದಪ್ಪ ಕನ್ನಡಕದ ಅಜ್ಜನನ್ನು ಕೂರಿಸಿದಾಗ ಗಾಜಿನ ಮೇಲಿನ ಹೊಳಪು ಎಲ್ಲಿ ಬಿದ್ದಿದೆ ಎಂದು ನೋಡುತ್ತಲೇ ಲೈಟು ಸರಿಸಬಹುದು. ಇನ್ನೊಂದು ಕಣ್ಣಿನದು: ಜೋರು ಬೆಳಕು ಸದಾ ಇದ್ದರೆ ಕಣ್ಣಿನ ಪಾಪೆ ಕಿರಿದಾಗಿ ಸುತ್ತಲಿನ ಕಂದು ಬಣ್ಣ ಚೆನ್ನಾಗಿ ಕಾಣುತ್ತದೆ. ಮಬ್ಬು ಕೋಣೆಯಲ್ಲಿ ಫ್ಲ್ಯಾಶ್ ಹೊಡೆದರೆ ಪಾಪೆ ಅಗಲವಾಗಿ ಕಣ್ಣು ಬರೀ ಕಪ್ಪಾಗಿ ಬರುತ್ತದೆ. ವಿಡಿಯೋ ಕೆಲಸವೂ ಇದ್ದರೆ ಎಲ್‌ಇಡಿ ಕೊಳ್ಳಿ. ಬರೀ ಸ್ಟಿಲ್ ಆದರೆ ಬೇಡ.

ಇನ್ನು ನಿಜವಾದ ಪೈಪೋಟಿ, ಎಂಎಸ್300 ಮತ್ತು ಎಸ್‌ಕೆ400ರ ನಡುವೆ. 300ಕ್ಕೂ 400ಕ್ಕೂ ಭಾರೀ ವ್ಯತ್ಯಾಸ ಎಂದು ಕಿವಿಗೆ ಅನಿಸುತ್ತದೆ. ಬೆಳಕಿನ ಲೆಕ್ಕದಲ್ಲಿ ಅದು ಅರ್ಧ ಸ್ಟಾಪ್ ಕೂಡ ಅಲ್ಲ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಇಲ್ಲವೇ ಅರ್ಧ). ಫ್ಲ್ಯಾಶ್‌ನ ಬಲ ಹೇಳುವ ಗೈಡ್ ನಂಬರ್ 58 ಮತ್ತು 65. ನಮ್ಮ ಕೋಣೆಯಲ್ಲಿ ಮುಖದಿಂದ ಲೈಟಿಗೆ ನಾಲ್ಕಡಿ ದಾಟುವುದಿಲ್ಲ, ಹೀಗಾಗಿ ಎರಡನ್ನೂ ಪೂರ್ತಿ ಪವರ್‌ಗೆ ಒಯ್ಯುವ ಪ್ರಸಂಗವೇ ಬರುವುದಿಲ್ಲ.

ಕೆಳಗಿನ ತುದಿಯಲ್ಲಿ ಚಿತ್ರ ಬೇರೆ. ಎಸ್‌ಕೆ ಇಳಿಯುವುದು ಪೂರ್ತಿ ಪವರ್‌ನ 1/16ರವರೆಗೆ, ಅಂದರೆ 25 ಜೂಲ್. ಎಂಎಸ್ 1/32ಕ್ಕೆ ಇಳಿದು ಒಂಬತ್ತು ಚಿಲ್ಲರೆ ಜೂಲ್‌ಗೆ ನಿಲ್ಲುತ್ತದೆ. ಸುಮಾರು ಒಂದೂವರೆ ಸ್ಟಾಪ್ ಮೆತ್ತಗೆ. 95 ಸೆಂಟಿಮೀಟರ್ ಆಕ್ಟಾಬಾಕ್ಸನ್ನು (ಎಂಟು ಮೂಲೆಯ ಸಾಫ್ಟ್‌ಬಾಕ್ಸ್) ಮುಖದಿಂದ ಒಂದು ಮೀಟರ್ ದೂರಕ್ಕಿಟ್ಟು ಐಎಸ್ಒ 100ರಲ್ಲಿ ತೆಗೆದರೆ, ಎಸ್‌ಕೆಯನ್ನು ತೀರಾ ತಗ್ಗಿಸಿದರೂ ಎಫ್/5.6ರ ಮೇಲೆಯೇ ಉಳಿಯುತ್ತದೆ. ಎಂಎಸ್ ಎಫ್/4ರ ಆಸುಪಾಸಿಗೆ ಬರುತ್ತದೆ. ಹಿನ್ನೆಲೆ ಮಸುಕಾಗಿಸಲೆಂದೇ 85 ಎಂಎಂ ಎಫ್/1.8 ಲೆನ್ಸ್ ಕೊಂಡವನಿಗೆ ಇದು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಶಟರ್ ಏರಿಸಿ ಬೆಳಕು ಇಳಿಸುತ್ತೇನೆ ಅಂದರೆ ಆಗುವುದಿಲ್ಲ. ಫ್ಲ್ಯಾಶ್ ಚಣದಲ್ಲಿ ಮುಗಿದಿರುತ್ತದೆ, ಶಟರ್‌ಗೆ ಅದರ ಲೆಕ್ಕ ಸಿಗುವುದಿಲ್ಲ. ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಫೋಟೊದ ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. ಅದನ್ನು ತಪ್ಪಿಸುವ ಹೈಸ್ಪೀಡ್ ಸಿಂಕ್ ಈ ಎರಡು ಹೆಡ್‌ಗಳಲ್ಲೂ ಇಲ್ಲ. ಲೈಟು ಹಿಂದೆ ಸರಿಸೋಣವೆಂದರೆ ಹಿಂದೆ ಗೋಡೆ. ಉಳಿದದ್ದು ಲೆನ್ಸ್ ಮುಂದೆ ಹಾಕಿ ಬೆಳಕು ತಗ್ಗಿಸುವ, ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್. ಹಾಕಿದರೆ ಎಫ್/4 ಇದ್ದದ್ದು ಎಫ್/1.4ಕ್ಕೆ ಬರುತ್ತದೆ. ಆದರೆ ವ್ಯೂಫೈಂಡರ್ ಮಬ್ಬಾಗಿ ಫೋಕಸ್ ಹುಡುಕಾಡುತ್ತದೆ, ಹೆಡ್ಡಿನೊಳಗೇ ಸದಾ ಉರಿಯುವ 150 ವ್ಯಾಟ್‌ನ ಮಾಡೆಲಿಂಗ್ ಲ್ಯಾಂಪ್ ಹಚ್ಚಿಟ್ಟರೆ ಮಾತ್ರ ಸುಧಾರಿಸೀತು.

ಎಸ್‌ಕೆ ಪರವಾಗಿಯೂ ಹೇಳಬೇಕು. ಬಾಡಿ ಗಟ್ಟಿ, ದೊಡ್ಡ ಸಾಫ್ಟ್‌ಬಾಕ್ಸ್ ಸಿಕ್ಕಿಸಿದಾಗ ಕತ್ತು ಬಗ್ಗಿಸುವುದಿಲ್ಲ. ಮುಂಜಿಮನೆಯಲ್ಲಿ ಇಪ್ಪತ್ತು ಜನರ ಗ್ರೂಪ್ ಫೋಟೊಕ್ಕೆ ಛತ್ರಿಯಿಂದ ಬೌನ್ಸ್ ಮಾಡುವಾಗ ಆ ಚೂರು ಹೆಚ್ಚಿನ ಬಲ ಕೈ ಹಿಡಿಯುತ್ತದೆ. ನಿಮ್ಮದು ಅಂಥ ಕೆಲಸವೇ ಹೆಚ್ಚಾದರೆ ಎಸ್‌ಕೆ ಸರಿ. ಬರೀ ಕೋಣೆಯ ಪೋರ್ಟ್ರೇಟ್, ಮದುವೆ ಪ್ರಸ್ತಾಪದ ಫೋಟೊ, ಪಾಸ್‌ಪೋರ್ಟ್ ಫೋಟೊ ಆದರೆ ಎಂಎಸ್ ಸಾಕು, ಉಳಿದ ದುಡ್ಡನ್ನು ಒಳ್ಳೆಯ ಸಾಫ್ಟ್‌ಬಾಕ್ಸ್‌ಗೆ ಹಾಕಿ. ಎರಡರದೂ ಬೋವೆನ್ಸ್ ಮೌಂಟ್ (ಸಾಫ್ಟ್‌ಬಾಕ್ಸ್ ಸಿಕ್ಕಿಸುವ ಒಂದು ಬಗೆಯ ಕೊಂಡಿ), ನಾಳೆ ಲೈಟು ಬದಲಿಸಿದರೂ ಸಾಫ್ಟ್‌ಬಾಕ್ಸ್ ಉಳಿಯುತ್ತದೆ.

ಲೈಟಿನ ಮಾತಾಡುವಾಗ ನೆಲದ ಮಾತು ಬಿಡುವಂತಿಲ್ಲ. ಘಟ್ಟದ ಮೇಲಿನ ಹಳೇ ಮನೆಗಳಲ್ಲಿ ಕೆಂಪು ಕಾವಿ ನೆಲ, ತಿಕ್ಕಿ ತಿಕ್ಕಿ ಕನ್ನಡಿಯಾಗಿರುತ್ತದೆ. ಸಾಫ್ಟ್‌ಬಾಕ್ಸ್ ಮೇಲಿನಿಂದ ಹೊಡೆದಾಗ ಆ ನೆಲ ಕೆಂಪು ಬೆಳಕನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಗೆ ವಾಪಸು ಎಸೆಯುತ್ತದೆ. ವೈಟ್ ಬ್ಯಾಲೆನ್ಸ್‌ನಿಂದ ಇದು ಹೋಗುವುದಿಲ್ಲ, ಯಾಕೆಂದರೆ ಹಣೆ ಸರಿಯಾಗಿಯೇ ಇದೆ, ಗಲ್ಲ ಮಾತ್ರ ಕೆಂಪು. ಮುಂದೊಂದು ಬಿಳಿ ಪಂಚೆ ಹಾಸಿದರೆ ಬಣ್ಣವೂ ಹೋಗುತ್ತದೆ, ಪುಕ್ಕಟೆ ರಿಫ್ಲೆಕ್ಟರ್ ಕೂಡ ಆಗುತ್ತದೆ. ಪಕ್ಕಕ್ಕೆ ಥರ್ಮಾಕೋಲ್ ಶೀಟು ನಿಲ್ಲಿಸಿಕೊಂಡರೆ ಎರಡನೇ ಲೈಟು ಬೇಕೇ ಎನ್ನುವ ಪ್ರಶ್ನೆಯನ್ನು ಒಂದು ವರ್ಷ ಮುಂದೂಡಬಹುದು. ಪಾಸ್‌ಪೋರ್ಟ್ ಫೋಟೊದ ಬಿಳಿ ಹಿನ್ನೆಲೆಗೆ ಮಾತ್ರ ಎರಡನೆಯದು ಬೇಕಾಗುತ್ತದೆ. ಒಂದೇ ಲೈಟಿನಲ್ಲಿ ತೆಗೆದರೆ ಬಿಳಿ ಗೋಡೆ ಬೂದಿಯಾಗಿ ಬರುತ್ತದೆ, ಕಿವಿಯ ಹಿಂದೆ ನೆರಳೂ ಕೂರುತ್ತದೆ.

ಆ ಎರಡನೆಯದಕ್ಕೆ ಟಿಟಿ600 ಧಾರಾಳ ಸಾಕು. ಅದೇ ಮುಖ್ಯ ಲೈಟೂ ಆದೀತೇ ಎಂದರೆ, ಆದೀತು, ತಾಳ್ಮೆ ಇದ್ದರೆ. ನಾಲ್ಕು ಎಎ ಸೆಲ್ಲಿನ ಮೇಲೆ ಪೂರ್ತಿ ಪವರ್ ಹೊಡೆದರೆ ಮತ್ತೆ ತಯಾರಾಗಲು ಎರಡೂವರೆ ಸೆಕೆಂಡ್ ದಾಟುತ್ತದೆ. ಸೆಲ್ ಇಳಿದಂತೆ ಇನ್ನೂ ನಿಧಾನ. ಅಷ್ಟರಲ್ಲಿ ಕೂಸು ನಕ್ಕು ಮುಗಿದಿರುತ್ತದೆ. ಮಾಡೆಲಿಂಗ್ ಲ್ಯಾಂಪ್ ಇಲ್ಲ, ನೆರಳು ಎಲ್ಲಿ ಬೀಳುತ್ತದೆ ಎಂದು ತೆಗೆದೇ ನೋಡಬೇಕು. ಇದರ ಗುಣ ಇರುವುದು ಕೆಳತುದಿಯಲ್ಲಿ: 1/128ರವರೆಗೆ ಇಳಿಯುತ್ತದೆ, ಎಫ್/2ರಲ್ಲಿ ಆರಾಮಾಗಿ ತೆಗೆಯಬಹುದು. ಕಲಿಯುವವರಿಗೆ ಮೊದಲ ಲೈಟಾಗಿ ನಾನು ಇದನ್ನೇ ಹೇಳುತ್ತೇನೆ, ಮುಂದೆ ದೊಡ್ಡದು ಬಂದಾಗಲೂ ಇದು ಮೂಲೆಗೆ ಬೀಳುವುದಿಲ್ಲ.

ಎಡಿ200ರ ಜಾಗ ಕೋಣೆಯ ಹೊರಗೆ. ಮಳೆಗಾಲದ ಶಿರಸಿಯಲ್ಲಿ ಕೋಣೆಯ ಒಳಗೂ ಅನ್ನಬೇಕು. ಮರ ಬಿದ್ದು ಲೈನ್ ಹೋದರೆ ಸಂಜೆವರೆಗೂ ಕರೆಂಟಿನ ಸುದ್ದಿ ಇರುವುದಿಲ್ಲ. ಇನ್ವರ್ಟರ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು: ಪ್ರತಿ ಫ್ಲ್ಯಾಶ್ ಆದ ಮೇಲೆ ಸ್ಟುಡಿಯೋ ಹೆಡ್ಡಿನ ಕೆಪಾಸಿಟರ್ ಗಬಕ್ಕನೆ ಕರೆಂಟು ಎಳೆಯುತ್ತದೆ. ಮನೆಯ ಸಣ್ಣ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಅದನ್ನು ಓಡಿಸುವ ಸಾಹಸ ಬೇಡ. ಎಡಿ200ಕ್ಕೆ ಈ ತಲೆಬಿಸಿ ಇಲ್ಲ. 14.4 ವೋಲ್ಟ್, 2900 ಎಂಎಎಚ್ ಬ್ಯಾಟರಿ, ಕಂಪನಿ ಹೇಳುವ ಪ್ರಕಾರ ಪೂರ್ತಿ ಪವರ್‌ನಲ್ಲಿ 500 ಫ್ಲ್ಯಾಶ್. ಪವರ್ 1/128ರವರೆಗೆ ಇಳಿಯುತ್ತದೆ, ಹೈಸ್ಪೀಡ್ ಸಿಂಕ್ ಇದೆ. ಬೋವೆನ್ಸ್ ಸಾಫ್ಟ್‌ಬಾಕ್ಸ್ ಸಿಕ್ಕಿಸಲು ಬೇರೆ ಬ್ರಾಕೆಟ್ ಬೇಕು, ಆ ಖರ್ಚನ್ನೂ ಸೇರಿಸಿಕೊಳ್ಳಿ.

ಇದರ ಬೆಲೆ ನನಗೆ ಅರ್ಥವಾಗಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ಬಡಗುತಿಟ್ಟಿನ ವೇಷದಂಥ ಕಷ್ಟದ ಸಬ್ಜೆಕ್ಟ್ ಇನ್ನೊಂದಿಲ್ಲ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳ ತುಂಬ ಬಂಗಾರದ ಬೇಗಡೆ, ಕನ್ನಡಿ ಚೂರು. ಮುಖಕ್ಕೆ ಎಣ್ಣೆ ಹಚ್ಚಿ ಬಳಿದ ಬಣ್ಣ. ತಲೆಗೆ ಕಟ್ಟುವ ಕೇದಗೆ ಮುಂದಲೆಯಾದರೆ ಕಪ್ಪು ಬಟ್ಟೆಯ ಮೇಲೆ ಬಂಗಾರದ ಪಟ್ಟಿ. ಬರೀ ಟಿಟಿ600 ಹೊಡೆದರೆ ಪ್ರತಿ ಕನ್ನಡಿ ಚೂರಿನಲ್ಲೂ ಸೂಜಿಮೊನೆಯಂಥ ಬಿಳಿ ಚುಕ್ಕೆ, ಮೂಗಿನ ಮೇಲೆ ಎಣ್ಣೆಯ ಹೊಳಪು. ಛತ್ರಿ ಹಾಕಿದರೆ ಬೆಳಕು ಮೆತ್ತಗಾಗುತ್ತದೆ, ಆದರೆ ಕನ್ನಡಿ ಚೂರುಗಳಲ್ಲಿ ಛತ್ರಿಯ ಕಡ್ಡಿಗಳೇ ಎಣಿಸುವಷ್ಟು ಕಾಣುತ್ತವೆ. ಎರಡು ಪರದೆಯ ಸಾಫ್ಟ್‌ಬಾಕ್ಸ್ ಒಳಗೆ ಎಡಿ200 ಇಟ್ಟು ಹತ್ತಿರಕ್ಕೆ ತಂದರೆ ಬೇಗಡೆಯ ಬಣ್ಣ ಬಂಗಾರವಾಗಿಯೇ ಉಳಿಯುತ್ತದೆ. ಹಿಂದಿನ ಕತ್ತಲಲ್ಲಿ ಕಪ್ಪು ಮುಂದಲೆ ಕರಗಿಹೋಗದಂತೆ ಹಿಂಬದಿಯಿಂದ ಟಿಟಿ600ಕ್ಕೆ ಗ್ರಿಡ್ (ಬೆಳಕು ಹರಡದಂತೆ ತಡೆಯುವ ಜಾಲರಿ) ಹಾಕಿ ಒಂದು ಗೆರೆ ಬೆಳಕು. ವೇಷಧಾರಿ ರಂಗಕ್ಕೆ ಹೋಗುವ ಮೊದಲು ಕೊಡುವುದು ಐದು ನಿಮಿಷ. ವೈರು ಎಳೆದು ಪ್ಲಗ್ ಪಾಯಿಂಟ್ ಹುಡುಕುತ್ತ ಕೂತರೆ ಚಂಡೆ ಶುರುವಾಗಿರುತ್ತದೆ.

ಅಡಿಕೆ ತೋಟದಲ್ಲೂ ಎಡಿ200 ಚೆನ್ನ. ಸುತ್ತಲಿನ ಹಸಿರು ಚರ್ಮಕ್ಕೆ ಬಡಿಯುವುದನ್ನು ಅದರ ಬಿಳಿ ಬೆಳಕು ಹಿಂದಕ್ಕೆ ತಳ್ಳುತ್ತದೆ. ಕಾರವಾರದ ಟಾಗೋರ್ ಬೀಚಿನ ಮಟಮಟ ಮಧ್ಯಾಹ್ನದಲ್ಲಿ ಮಾತ್ರ ಅದರಿಂದ ಪವಾಡ ನಿರೀಕ್ಷಿಸಬೇಡಿ. ಆ ಬಿಸಿಲಲ್ಲಿ ಐಎಸ್ಒ 100, ಎಫ್/2.8 ಅಂದರೆ ಶಟರ್ 1/3200ರ ಹತ್ತಿರ ಇರಬೇಕು. ಹೈಸ್ಪೀಡ್ ಸಿಂಕ್‌ನಲ್ಲಿ ಫ್ಲ್ಯಾಶ್ ತನ್ನ ಬಲದ ದೊಡ್ಡ ಪಾಲು ಕಳೆದುಕೊಳ್ಳುತ್ತದೆ, ಸಾಫ್ಟ್‌ಬಾಕ್ಸ್ ಬಟ್ಟೆ ಇನ್ನಷ್ಟು ನುಂಗುತ್ತದೆ. ಸಂಜೆ ಐದೂವರೆ ಮೇಲೆ ಹೋಗಿ. ಸ್ಟ್ಯಾಂಡ್ ಹಿಡಿಯಲು ಒಬ್ಬ ಹುಡುಗನನ್ನು ಕರೆದುಕೊಂಡೇ ಹೋಗಿ, ಸಮುದ್ರದ ಗಾಳಿಗೆ ಸಾಫ್ಟ್‌ಬಾಕ್ಸ್ ಒಂದು ಹಾಯಿ.

ಕರಾವಳಿಯವರಿಗೆ ಉಪ್ಪಿನ ಕಾಟ ಬೇರೆ. ಹಾಟ್‌ಶೂ ಪಿನ್ನು, ಬ್ಯಾಟರಿ ಗೂಡಿನ ಸ್ಪ್ರಿಂಗು ಹಸಿರುಗಟ್ಟುತ್ತವೆ. ಬೀಚಿನಿಂದ ಬಂದ ದಿನವೇ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಘಟ್ಟದ ಮೇಲಿನ ನಮಗೆ ಬೂಷ್ಟು. ಆಷಾಢದಲ್ಲಿ ಮದುವೆ ಇಲ್ಲ, ಲೈಟು ಕಪಾಟು ಸೇರುತ್ತದೆ. ಆದರೆ ದೊಡ್ಡ ಕೆಪಾಸಿಟರ್‌ಗಳು ತಿಂಗಳುಗಟ್ಟಲೆ ಸುಮ್ಮನಿದ್ದರೆ ಗುಣ ಕಳೆದುಕೊಳ್ಳುತ್ತವೆ. ತಿಂಗಳಿಗೊಮ್ಮೆ ಹಚ್ಚಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಕಡಿಮೆ ಪವರ್‌ನಿಂದ ಶುರು ಮಾಡಿ ಮೇಲಕ್ಕೆ ಒಯ್ಯುತ್ತ ಒಂದಷ್ಟು ಫ್ಲ್ಯಾಶ್ ಹೊಡೆಯಿರಿ.

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸೆಕೆಂಡ್ ಹ್ಯಾಂಡ್ ಹಳೇ ಹೆಡ್ಡು ಅಗ್ಗಕ್ಕೆ ಸಿಗುತ್ತದೆ. ತೆಗೆದುಕೊಳ್ಳಬಾರದೆಂದಿಲ್ಲ. ಆದರೆ ಹಳೆಯ ಕೆಲವು ಫ್ಲ್ಯಾಶ್‌ಗಳ ಸಿಂಕ್ ತುದಿಯಲ್ಲಿ ನೂರಾರು ವೋಲ್ಟ್ ಇರುತ್ತದೆ, ವೈರಿನಿಂದ ನೇರ ಕ್ಯಾಮೆರಾಕ್ಕೆ ಸಿಕ್ಕಿಸಬೇಡಿ. ನಡುವೆ ರೇಡಿಯೋ ಟ್ರಿಗರ್ ಇದ್ದರೆ ಸುಟ್ಟರೂ ರಿಸೀವರ್ ಸುಡುತ್ತದೆ, ಕ್ಯಾಮೆರಾ ಉಳಿಯುತ್ತದೆ.

ಹೊಸದಾಗಿ ಶುರು ಮಾಡುವವರು ಒಂದು ಎಂಎಸ್300, 95ರ ಆಕ್ಟಾಬಾಕ್ಸ್, ಗಟ್ಟಿ ಸ್ಟ್ಯಾಂಡ್, ಒಂದು ಟ್ರಿಗರ್ ತೆಗೆದುಕೊಂಡರೆ ಸಾಕು. ಟಿಟಿ600 ಆಮೇಲೆ, ಎಡಿ200 ಹೊರಗಿನ ಕೆಲಸ ಕೈ ತುಂಬ ಬಂದ ಮೇಲೆ. ಟ್ರಿಗರ್ ಮಾತ್ರ ಕ್ಯಾಮೆರಾ ನೋಡಿಯೇ ಕೊಳ್ಳಬೇಕು, ಗೊಡಾಕ್ಸ್‌ನ ಎಕ್ಸ್‌ಪ್ರೊ ಟ್ರಿಗರ್ ಆಗಲಿ ಎಕ್ಸ್2ಟಿ ಆಗಲಿ ಹೆಸರಿನ ಕೊನೆಯ ಅಕ್ಷರ ಕ್ಯಾನನ್‌ಗೆ ಸಿ, ನಿಕಾನ್‌ಗೆ ಎನ್, ಸೋನಿಗೆ ಎಸ್. ಆನ್‌ಲೈನ್‌ನಲ್ಲಿ ಎಲ್ಲದರ ಫೋಟೊವೂ ಒಂದೇ ಥರ ಇರುತ್ತದೆ, ಆರ್ಡರ್ ಒತ್ತುವ ಮೊದಲು ಆ ಅಕ್ಷರ ಇನ್ನೊಮ್ಮೆ ನೋಡಿಕೊಳ್ಳಿ.